ಖಾಲಿ ಗಾಡಿಯ ಸ್ಪ್ರಿಂಗು

ವೆಲ್ಡರ್‌ಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಬಾಮೈದನ ಗ್ಯಾರೇಜಿನಲ್ಲಿ ಅವನಿಗೆಂದೇ ದಿಂಬು ಹಾಕಿದ ಕುರ್ಚಿಯಿತ್ತು. ಅದರಲ್ಲಿ ಕೂತು, ಎದ್ದು, ಸೊಂಟದ ಬೆಲ್ಟು ಬಿಗಿಮಾಡಿಕೊಂಡು, ತನ್ನ ಟ್ರಕ್ಕಿಗೆ ಒಂದು ಸುತ್ತು ಹಾಕಿ ಮತ್ತೆ ಬಂದು ಕೂರುತ್ತಿದ್ದ. ಏಣಿಯಿಂದ ಬಿದ್ದು ನಡು ಮುರಿದುಕೊಂಡ ಮೇಲೆ ಅವನ ಕೈಗೆ ಕೆಲಸವಿಲ್ಲ, ಕಾಲಿಗೆ ಬಿಡುವಿಲ್ಲ.

ಬೆಟ್ಟದ ಕಲ್ಲುದಾರಿಗೆಂದು ಟ್ರಕ್ಕನ್ನು ಎತ್ತರಿಸಿದವನು ಬಾಮೈದನೇ. ದೊಡ್ಡ ಚಕ್ರಗಳು, ಹಿಂಬದಿಗೆ ಒಂದರ ಮೇಲೊಂದು ಪೇರಿಸಿದ ದಪ್ಪ ಪಟ್ಟಿಗಳ ಸ್ಪ್ರಿಂಗು. ವೆಲ್ಡಿಂಗ್ ಯಂತ್ರ, ಜನರೇಟರು, ಸಿಲಿಂಡರುಗಳನ್ನು ಹೇರಿಕೊಂಡು ಅದು ಬೆಟ್ಟ ಹತ್ತುತ್ತಿತ್ತು. ಈಗ ಓಡಿಸುವವಳು ವೆಲ್ಡರನ ಹೆಂಡತಿ. ಅವಳು ನರ್ಸು, ಮೇಲಿನ ಮನೆಗಳಿಗೆ ಲಸಿಕೆ, ಔಷಧಿ ಒಯ್ಯುತ್ತಾಳೆ. ಹಿಂದಿನ ದಿನ ತಿರುವಿನಲ್ಲಿ ಗಾಡಿ ಅವಳ ಮಾತು ಕೇಳದೆ ಕೊರಕಲಿನ ಅಂಚಿನ ಬಂಡೆಗೆ ಒರಗಿ ನಿಂತಿತ್ತು. ಸರಿಹೋಗದಿದ್ದರೆ ಇನ್ನು ಬೆಟ್ಟ ಹತ್ತುವುದಿಲ್ಲ, ಕೆಳಗಿನ ಆಸ್ಪತ್ರೆಯಲ್ಲೇ ಕೂರುತ್ತೇನೆ ಎಂದುಬಿಟ್ಟಿದ್ದಳು.

"ಸ್ಟೀರಿಂಗ್ ಗಟ್ಟಿಯಾಗಿ ಹಿಡೀಬೇಕು," ಎಂದ ವೆಲ್ಡರ್. "ಇವಳು ಸೌಟು ಹಿಡಿದ ಹಾಗೆ ಹಿಡೀತಾಳೆ."

"ಸೂಜಿ ಹಿಡಿದ ಹಾಗೆ ಹಿಡೀತೀನಿ," ಎಂದಳು ಹೆಂಡತಿ. "ಬೇಕಿದ್ರೆ ತೋಳು ಚಾಚಿ, ತೋರಿಸ್ತೀನಿ."

ಗಾಡಿಯಡಿಯಿಂದ ಬಾಮೈದನ ನಗು ಕೇಳಿಸಿತು. "ಅಕ್ಕನ ಕೈ ಸರಿಯಾಗೇ ಇದೆ ಭಾವ. ಗಾಡಿ ಎತ್ತರ ಆಯ್ತು, ಸ್ಟೀರಿಂಗಿನ ಸರಳು ಮಾತ್ರ ಓರೆಯಾಗಿ ಜೋತುಬಿದ್ದಿದೆ. ಚಕ್ರ ಕಲ್ಲು ಹತ್ತಿದಾಗೆಲ್ಲ ಇದು ತಾನೇ ಗಾಡೀನ ಪಕ್ಕಕ್ಕೆ ತಿರುಗಿಸತ್ತೆ."

ಸ್ಟೀರಿಂಗಿಗೆ ಇನ್ನಷ್ಟು ಕೆಳಗಿಳಿಯುವ ಕಬ್ಬಿಣದ ತೋಳೊಂದನ್ನು ಜೋಡಿಸಿ ಅವನು ಸರಳನ್ನು ನೆಲಕ್ಕೆ ಸಮವಾಗಿ ತಂದ. ಆಮೇಲೆ ಎದ್ದು ಬಂದು ಗೋಡೆಗೆ ಒರಗಿಸಿದ್ದ ತೆಳು ಸ್ಪ್ರಿಂಗುಗಳನ್ನು ತೋರಿಸಿದ. "ಇನ್ನರ್ಧ ಕೆಲಸ ಹಿಂಬದೀಲಿದೆ. ಖಾಲಿ ಗಾಡಿ ಬಾಲ ಎತ್ಕೊಂಡು ಮೂಗು ನೆಲಕ್ಕಿಟ್ಟಿದೆ. ಹಾಗಿದ್ರೆ ಸ್ಟೀರಿಂಗ್ ನೆಟ್ಟಗೆ ನಿಲ್ಲಲ್ಲ, ಅಲೀತಾ ಇರತ್ತೆ. ಇವನ್ನ ಹಾಕ್ಬಿಡ್ತೀನಿ."

"ಮುಟ್ಬೇಡ. ಯಂತ್ರ ಏರಿಸಿದ ದಿನ ಅವು ಚಪ್ಪಟೆ ಆಗ್ತವೆ."

"ಯಾವತ್ತು ಏರಿಸ್ತೀರಿ ಭಾವ?"

ವೆಲ್ಡರ್ ಎದ್ದು ಟ್ರಕ್ಕಿಗೆ ಇನ್ನೊಂದು ಸುತ್ತು ಹಾಕಿದ. ಭಾರ ಎತ್ತುವಂತಿಲ್ಲ, ಏಣಿ ಹತ್ತುವಂತಿಲ್ಲ, ಇನ್ನು ಎಂದಿಗೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಮನೆಯ ಹಿತ್ತಿಲಲ್ಲಿ ಟಾರ್ಪಾಲು ಹೊದ್ದ ಯಂತ್ರವನ್ನು ಅವನು ದಿನಾ ಬೆಳಿಗ್ಗೆ ಒರೆಸಿ, ಮತ್ತೆ ಹೊದಿಸುತ್ತಿದ್ದ.

"ಬೇಡ ಬಿಡು ತಮ್ಮ," ಎಂದಳು ಅಕ್ಕ. "ಅವರ ಸ್ಪ್ರಿಂಗು ಅವರಿಗಿರಲಿ. ನಾನು ಬೇರೆ ಕೆಲಸ ಕೇಳ್ಕೋತೀನಿ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ವೆಲ್ಡರನನ್ನು ಚುಚ್ಚಿತು.

"ನಡಿ, ನಾನೂ ಬರ್ತೀನಿ. ಓಡಿಸೋದು ಹೇಗೆ ಅಂತ ಹೇಳಿಕೊಡ್ತೀನಿ."

ಊರಾಚೆಯ ಕಲ್ಲುದಾರಿಗೆ ಗಾಡಿ ಇಳಿಯಿತು. ಮೊದಲ ಕಲ್ಲು ಹತ್ತಿದಾಗ ಅದು ಪಕ್ಕಕ್ಕೆ ಎಳೆಯಲಿಲ್ಲ, ಸರಳು ಸರಿಹೋಗಿತ್ತು. ಆದರೆ ಹಿಂಬದಿ ಚಿಮ್ಮಿತು. ವೆಲ್ಡರ್ ಸೀಟಿನಿಂದ ಮೇಲೆದ್ದು ಬಿದ್ದ. ನಡುವಿನಿಂದ ನೆತ್ತಿಗೆ ಬೆಂಕಿ ಹೊತ್ತಿದಂತಾಯಿತು. ಈ ಗಾಡಿಯನ್ನು ಖಾಲಿಯಾಗಿ ಅವನು ಓಡಿಸಿದ್ದೇ ಇಲ್ಲ. ಎತ್ತರಿಸಿದ ದಿನವೇ ಯಂತ್ರ ಹೇರಿದ್ದ. ನೆಂಟರ ಮದುವೆಗೆ ಹೋದಾಗಲೂ ಇಳಿಸಿದವನಲ್ಲ. ಆ ಭಾರವೇ ಗಾಡಿಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅವನು ಅದನ್ನು ತನ್ನ ಕೈಚಳಕ ಎಂದುಕೊಂಡಿದ್ದ.

ಹೆಂಡತಿಯ ಕೈಗಳನ್ನು ನೋಡಿದ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಗಳಿಗೆಯೂ ಸುಮ್ಮನಿರಲಿಲ್ಲ.

"ದಿನಾ ಹೀಗೇನಾ?"

"ಇವತ್ತು ವಾಸಿ."

"ಹೇಳ್ಬಾರದಿತ್ತಾ?"

"ಹೇಳಿದ್ದೆ. ಸೌಟು ಅಂದ್ರಿ."

ಭಗವಂತ ಹೊರೆ ಇಳಿಸಿದ ಮೇಲೂ ಬೆನ್ನು ಬಿಗಿಹಿಡಿದುಕೊಂಡೇ ನಡೆಯುವವರಿದ್ದಾರೆ. ಒದೆತ ತಿನ್ನುವವರು ಮಾತ್ರ ಪಕ್ಕದಲ್ಲಿ ಕೂತವರು.

ಗ್ಯಾರೇಜಿಗೆ ಮರಳಿ ಇಳಿದವನು ಕುರ್ಚಿಯ ಕಡೆ ಹೋಗಲಿಲ್ಲ. "ತೆಳೂದು ಹಾಕು," ಎಂದ.

ಬಾಮೈದ ಅಕ್ಕನ ಮುಖ ನೋಡಿದ. "ಗಾಡಿ ಏನು ಹೊರತ್ತೆ ಅಂತ ಹೇಳಿ ಭಾವ. ಅದಕ್ಕೆ ತಕ್ಕಷ್ಟು ಪಟ್ಟಿ ಜೋಡಿಸ್ತೀನಿ."

"ಲಸಿಕೆ ಪೆಟ್ಟಿಗೆ. ಒಬ್ಬಳು ನರ್ಸು." ಬೆಲ್ಟು ಬಿಗಿಮಾಡಿಕೊಂಡು ಹೇಳಿದ, "ಎಂದಾದ್ರೂ ಒಂದಿನ, ಕೆಲಸವಿಲ್ಲದ ಗಂಡ."

ಸಂಜೆಯ ಹೊತ್ತಿಗೆ ಹೊಸ ಸ್ಪ್ರಿಂಗು ಕೂತು, ಗಾಡಿಯ ಬಾಲ ಇಳಿದು ಮೂಗು ಎದ್ದಿತು. ಅವಳು ಒಬ್ಬಳೇ ಕಲ್ಲುದಾರಿಗೆ ಹೋಗಿಬಂದಳು. ಕಿಟಕಿಯಿಂದಲೇ, "ನಾಳೆ ಬೆಳಿಗ್ಗೆ ಹೊರಡ್ತೀನಿ," ಎಂದಳು.

ವೆಲ್ಡರ್ ತಲೆಯಾಡಿಸಿದ. ಬಾಗಿಲತನಕ ಹೋದ, ಬಂದ, ಮತ್ತೆ ಹೋದ.

"ನನ್ನ ಯಂತ್ರ ಯಾರಿಗಾದ್ರೂ ಬೇಕಾ ಕೇಳು," ಎಂದ ಬಾಮೈದನಿಗೆ.

"ನಿಧಾನವಾಗಿ ಕೇಳೋಣ ಭಾವ. ಏನವಸರ?"

"ಈಗ್ಲೇ ಕೇಳು. ನಾಳೆಗೆ ನನ್ನ ಮನಸ್ಸು ಬದಲಾಗಿರತ್ತೆ."