ಮೈಲೇಶ ಮತ್ತು ಸಹೋದರರು

೨೦೨೫ರ ಫೆಬ್ರುವರಿ ೯, ರವಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬ್ಯಾಡಗಿಯ ತವರುಮನೆಯ ಪಡಸಾಲೆಯಲ್ಲಿ ಮೀನಾಕ್ಷಿ ಹಳೆಯ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಆದರೆ ಅದನ್ನು ಎಲ್ಲಿಗೆ ಹಚ್ಚಬೇಕೆಂದು ಕೈಗೆ ಮರೆತುಹೋಗಿತ್ತು. ಚಪ್ಪಟೆ ಪೆಟ್ಟಿಗೆಯ ತಗಡಿನ ಮುಚ್ಚಳದ ಮೇಲೆ, ಗುರುವಾರದವರೆಗೆ ಏನೂ ಇರದಿದ್ದ ಜಾಗದಲ್ಲಿ, ಅಂಗೈಯಗಲದ ಹಿತ್ತಾಳೆ ಫಲಕವೊಂದು ನಾಲ್ಕು ಮೂಲೆಗೂ ಸ್ಕ್ರೂ ಬಿಗಿಸಿಕೊಂಡು ಹೊಳೆಯುತ್ತಿತ್ತು.

'ದಿ. ಉಡಚಪ್ಪನವರ ಸ್ಮರಣಾರ್ಥ. ಕೊಡುಗೆ: ಮೈಲೇಶ ಮತ್ತು ಸಹೋದರರು, ಮೆಣಸಿನಕಾಯಿ ವ್ಯಾಪಾರಸ್ಥರು, ಬ್ಯಾಡಗಿ.'

ಉಡಚಪ್ಪ ಅವಳ ತಂದೆ. ಮೈಲೇಶ ಅವಳ ಅಣ್ಣ. ಉಡಚಪ್ಪನಿಗಿದ್ದವರು ಇಬ್ಬರೇ ಮಕ್ಕಳು.

ಕಿಟಕಿಯ ಹತ್ತಿರ ತಾಯಿ ಸಿದ್ದವ್ವ ಮೊರದ ತುಂಬ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಮುರಿಯುತ್ತಿದ್ದಳು. ಮನೆಯಲ್ಲಿ ಆಳುಗಳಿದ್ದರೂ ಮನೆಗೆ ಬೇಕಾದ ಕಾಯಿಯ ತೊಟ್ಟನ್ನು ಅವಳು ಬೇರೆಯವರ ಕೈಗೆ ಬಿಟ್ಟವಳಲ್ಲ.

"ಚಂದ ಬರಸ್ಯಾನ ಅಲ್ಲ?" ಎಂದಳು. "ಪಾತ್ರಿ ಅಂಗಡ್ಯಾಗ ಬರಸಿದ್ದು. ಕೊಡಪಾನದ ಮ್ಯಾಲೆ ಹೆಸರ ಹೊಡೀತಾನಲ್ಲ, ಅಂವನ."

"ಯವ್ವಾ, ಇದನ್ನ ಇಲ್ಲಿ ಕುಂದ್ರಿಸಿದವರು ಯಾರು?"

"ಮತ್ಯಾರು, ನಿಮ್ಮಣ್ಣ. ಬಡಿಗ್ಯಾನ ಮಷೀನ ತರಿಸಿ ತಾನ ನಿಂತು ತೂತ ಹಾಕ್ಯಾನ. ಗರ್ರ್ ಅಂತ ಸಪ್ಪಳ, ನನ್ನ ಹಲ್ಲೆಲ್ಲಾ ಜುಮ್ಮಂದುವು."

"ಮುಚ್ಚಳ ತಗದು ಹಾಕಿದ್ನೇನು?"

"ಮುಚ್ಚಳ ಯಾಕ ತಗೀಬೇಕು? ಹೆಸರ ಮ್ಯಾಲಲ್ಲ ಇರೋದು?"

ಮೀನಾಕ್ಷಿ ಪೆಟ್ಟಿಗೆಯ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಮುಚ್ಚಳವನ್ನು ಹಿಂದಕ್ಕೆ ಜಾರಿಸಿದಳು. ಸುರುಳಿಸುರುಳಿಯಾದ ಕಬ್ಬಿಣದ ಪುಡಿ ಒಳಗೆಲ್ಲ ಚೆಲ್ಲಿತ್ತು. ಮೂರು ತೂತುಗಳು ತಗಡಿನಲ್ಲೇ ನಿಂತಿದ್ದವು. ನಾಲ್ಕನೆಯದನ್ನು ಕೊರೆಯುವಾಗ, ತಗಡು ಬಿಟ್ಟುಕೊಟ್ಟೊಡನೆ, ಒತ್ತಿ ಹಿಡಿದವನ ಮೈಭಾರಕ್ಕೆ ಕೊರೆಯುವ ಮೊಳೆ ಒಮ್ಮೆಲೇ ಕೆಳಗಿಳಿದಿತ್ತು. ಪೆಟ್ಟಿಗೆಯ ಎತ್ತರ ಮೂರು ಬೆರಳು. ಕೆಳಗಿದ್ದ ಹಸಿರು ಬೋರ್ಡಿನಲ್ಲಿ ಜೋಳದ ಕಾಳಿನಷ್ಟು ತೂತು ಬಿದ್ದಿತ್ತು. ಅವಳು ಚೀಲದಿಂದ ಭೂತಗನ್ನಡಿ ತೆಗೆದು ನೋಡಿದಳು. ತೂತಿನ ದಾರಿಯಲ್ಲಿದ್ದ ಏಳು ತಾಮ್ರದ ಗೆರೆಗಳು ತುಂಡಾಗಿದ್ದವು.

ಹಿಂದಿನ ಮಳೆಗಾಲದಿಂದ ಅವಳ ರಜೆಯ ದಿನಗಳೆಲ್ಲ ಈ ಬೋರ್ಡಿಗೆ ಹೋಗಿದ್ದವು. ಮೀನಾಕ್ಷಿ ರಾಣೇಬೆನ್ನೂರಿನ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಕಳೆದ ಜೂನಿನಲ್ಲಿ ಅಟ್ಟ ತೆರವು ಮಾಡುವಾಗ ಈ ಕಂಪ್ಯೂಟರ್ ಕೆಳಗಿಳಿಯಿತು. ಗಡಿಯಾರ ನಡೆಸಲೆಂದು ಬೋರ್ಡಿಗೇ ಬೆಸೆದಿದ್ದ ಪುಟ್ಟ ಬ್ಯಾಟರಿ ಮೂವತ್ತು ವರ್ಷ ಅಟ್ಟದ ಮೇಲೆ ಸದ್ದಿಲ್ಲದೆ ಸೋರಿ, ಸುತ್ತಲಿನ ತಾಮ್ರವನ್ನು ತಿಂದು, ನೀಲಿಹಸಿರು ಹಕ್ಕಳೆ ಕಟ್ಟಿಸಿತ್ತು. ಮೈಲೇಶ ಮೊಬೈಲಿನಲ್ಲಿ ಏನನ್ನೋ ನೋಡಿ, 'ಬ್ಯಾಟರಿ ಆಸಿಡ್' ಎಂದುಕೊಂಡು, ಅದರ ಮೇಲೆ ಅಡುಗೆ ಸೋಡಾ ಸುರಿದು ನೀರು ಚಿಮುಕಿಸಿದ್ದ. ಆಸಿಡ್ ಸೋರಿದ್ದರೆ ಅದು ಸರಿ. ಈ ಜಾತಿಯ ಬ್ಯಾಟರಿಯಿಂದ ಸೋರುವುದು ಆಸಿಡ್ ಅಲ್ಲ.

"ಅದು ಕ್ಷಾರ ಯವ್ವಾ," ಎಂದು ಅಂದು ಅವಳು ತಾಯಿಗೆ ಹೇಳಿದ್ದಳು. "ಇಂವ ಅದರ ಮ್ಯಾಲೆ ಮತ್ತ ಕ್ಷಾರ ಹಾಕ್ಯಾನ."

"ಖಾರಾ?" ಸಿದ್ದವ್ವ ಬಗ್ಗಿ ನೋಡಿದ್ದಳು. "ಬ್ಯಾಡಗ್ಯಾಗ ಇಷ್ಟ ದಿನಾ ಇತ್ತಲ್ಲ, ಅದಕೂ ಹತ್ತೇತಿ. ನಮ್ಮ ಕಾಯಿಗಿ ಬಣ್ಣ ಹೆಚ್ಚು, ಖಾರ ಕಡಿಮಿ. ಹೆಂಗ ಹತ್ತಿತೋ ಏನೋ. ಹುಳಿ ಹಿಂಡು, ಇಳೀತೈತಿ."

ಮೀನಾಕ್ಷಿ ಬಿದ್ದು ಬಿದ್ದು ನಕ್ಕಿದ್ದಳು, ಯಾಕೆಂದರೆ ಮಾಡಬೇಕಾಗಿದ್ದುದೂ ಅದನ್ನೇ. ಬ್ಯಾಟರಿಯನ್ನು ಕತ್ತರಿಸಿ ತೆಗೆದಳು. ಹತ್ತಿಯ ಕಡ್ಡಿಯಲ್ಲಿ ವಿನಿಗರ್ ಅದ್ದಿ ಒಂದೊಂದೇ ಅಂಗುಲ ಒರೆಸಿದಳು, ನೊರೆ ಬರುವುದು ನಿಂತ ಮೇಲೆ ಬಟ್ಟಿ ಇಳಿಸಿದ ನೀರಿನಿಂದ ತೊಳೆದಳು, ಸ್ಪಿರಿಟ್ಟಿನಿಂದ ಒಣಗಿಸಿದಳು. ಕೀಬೋರ್ಡಿನ ತಂತಿ ಸೇರುವ ಜಾಗ ಪೂರಾ ಕೊಳೆತಿತ್ತು, ಅದನ್ನು ಬದಲಿಸಿದಳು. ತಿಂದುಹೋದ ಗೆರೆಗಳ ಬದಲು ಕೂದಲೆಳೆಯಂಥ ತಂತಿ ಬೆಸೆದಳು. ಫೆಬ್ರುವರಿ ಐದರ ಸಂಜೆ, ರಾಣೇಬೆನ್ನೂರಿನ ಮನೆಯಲ್ಲಿ, ಪರದೆಯ ಮೇಲೆ ಬೆಳಕು ಬಂತು. ಮಾರನೆಯ ದಿನ ಮೈಲೇಶ, "ಒರಿಸಿ, ಪ್ಯಾಕ್ ಮಾಡಿ ಇಟ್ಟಿರತೇನಿ, ನೀ ರವಿವಾರ ಬಂದು ಅವ್ವಗ ಹಚ್ಚಿ ತೋರಸು" ಎಂದು ಅದನ್ನು ತರಿಸಿಕೊಳ್ಳಲು ಕಾರು ಕಳಿಸಿದ. ಇಪ್ಪತ್ತೆಂಟಕ್ಕೆ ವಿಜ್ಞಾನ ದಿನ; ಅಂದು ಹಾವೇರಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಗೆ ಇದನ್ನು ಕೊಡುವುದೆಂದೂ, ಮೀನಾಕ್ಷಿ ಹೋಗಿ ಹುಡುಗಿಯರ ಮುಂದೆ ನಡೆಸಿ ತೋರಿಸುವುದೆಂದೂ ಮಾತಾಗಿತ್ತು.

ಕ್ಷಾರದ ಮೇಲೆ ಅವಳಿಗೆ ಎಂದೂ ಸಿಟ್ಟು ಬಂದಿರಲಿಲ್ಲ. ರಾಸಾಯನಿಕ ಕ್ರಿಯೆ ಯಾರ ಹೆಸರಿನಲ್ಲೂ ನಡೆಯುವುದಿಲ್ಲ. ಇದು ಹಾಗಲ್ಲ, ಇದಕ್ಕೆ ಹಿತ್ತಾಳೆಯಲ್ಲಿ ಹೆಸರು ಬರೆದಿತ್ತು.

ಹೊರಗೆ ಬೈಕು ನಿಂತಿತು. ಮೈಲೇಶ ಎಣ್ಣೆ ಇಳಿದ ಕಾಗದದ ಪೊಟ್ಟಣ ಹಿಡಿದು ಒಳಗೆ ಬಂದ.

"ಬಿಸಿ ಬಿಸಿ ಮಿರ್ಚಿ ಭಜಿ ತಂದೇನಿ, ತಿನ್ನು. ಯಾವಾಗ ಬಂದಿ? ಬೋರ್ಡ ಹೆಂಗೈತಿ?"

"ಬೋರ್ಡ ತೂತ ಬಿದ್ದೈತಿ."

"ತೂತ ಹಾಕದ ಸ್ಕ್ರೂ ಹೆಂಗ ಕುಂದ್ರತಾವ ಹುಚ್ಚಿ?"

"ನಿನ್ನ ಹಿತ್ತಾಳಿ ಬೋರ್ಡ ಅಲ್ಲ. ಇದು." ಅವಳು ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟಳು. "ಬಗ್ಗು. ನೋಡು."

ಅವನು ಬಗ್ಗಿ ನೋಡಿದ. ಏನು ನೋಡಬೇಕೆಂದು ಅವನಿಗೆ ತಿಳಿಯಲಿಲ್ಲ. "ಒಂದು ತೂತು," ಎಂದ. "ಎಷ್ಟ ದೊಡ್ಡದೈತಿ ಅದು? ಎಮ್-ಸೀಲ್ ಹಚ್ಚು, ಮುಚ್ಚತೈತಿ."

"ಸಹೋದರರು ಯಾರು?"

"ಯಾವ ಸಹೋದರರು?"

"ಅದನ್ನ ಕೇಳಾಕತ್ತೇನಿ. 'ಮೈಲೇಶ ಮತ್ತು ಸಹೋದರರು'. ನನಗ ತಿಳೀದಂಗ ಅವ್ವ ಇನ್ಯಾರನ್ನರ ಹಡದಾಳೇನು?"

"ಥೂ, ನಾಲಿಗಿಗೆ ಎಲುಬಿಲ್ಲ ನೋಡ ಇದಕ್ಕ," ಎಂದಳು ಸಿದ್ದವ್ವ ಮೊರದಿಂದ ತಲೆ ಎತ್ತದೆ.

ಮೈಲೇಶ ನಕ್ಕ. "ಅಂಗಡಿ ಹೆಸರ ಹಂಗೈತಲ್ಲ ಮೀನಿ. ಮಾರ್ಕೆಟ್ ಯಾರ್ಡಿನಾಗ ಎಲ್ಲಾರೂ ಹಂಗ ಇಟಗೊಂಡಾರ. ಒಬ್ಬನ ಹೆಸರ ಇದ್ರ ಮಂದಿ ಸಣ್ಣ ಅಡತಿ ಅಂಗಡಿ ಅಂತ ತಿಳಕೊಂತಾರ. ಅಪ್ಪನ ಇಟ್ಟದ್ದು, ನಾ ಇಟ್ಟದ್ದಲ್ಲ."

ಅದು ಖರೇ ಇತ್ತು. ಉಡಚಪ್ಪ ಇದ್ದೊಬ್ಬ ಮಗನ ಬೆನ್ನಿಗೆ ಇಲ್ಲದ ತಮ್ಮಂದಿರನ್ನು ನಿಲ್ಲಿಸಿ ಅಂಗಡಿ ತೆರೆದಿದ್ದ. ಕಂಪ್ಯೂಟರನ್ನು ಹುಬ್ಬಳ್ಳಿಯಿಂದ ತಂದದ್ದೂ ಮಗನ ಸಲುವಾಗಿಯೇ, ೧೯೮೯ರಲ್ಲಿ. ಮಗ ಒಂದು ವಾರ ಆಟ ಆಡಿ ಬಿಟ್ಟ. ಪಿಯುಸಿ ಓದುತ್ತಿದ್ದ ಮೀನಾಕ್ಷಿ ಕೂತು ಕಲಿತಳು. ಮದುವೆಯಾಗುವ ತನಕ ಅಂಗಡಿಯ ಚೀಲ, ತೂಕ, ತಳಿಗಳ ಲೆಕ್ಕವನ್ನು ದಿನಾ ಸಂಜೆ ಇದೇ ಪಡಸಾಲೆಯಲ್ಲಿ ಕೂಡಿಸಿಕೊಟ್ಟವಳು ಅವಳು. ಬಂದ ಗಿರಾಕಿಗಳು ಚಹಾ ಕುಡಿಯುತ್ತ, "ಉಡಚಪ್ಪಣ್ಣ, ಮಗ ಕಂಪ್ಯೂಟರ್ ಕಲ್ತನಲ್ಲ, ಭಾಳ ಚಲೋ ಆತು" ಎಂದರೆ ತಂದೆ ಮೀಸೆ ಸವರಿಕೊಳ್ಳುತ್ತಿದ್ದನೇ ಹೊರತು ತಿದ್ದುತ್ತಿರಲಿಲ್ಲ. ಮದುವೆಯಲ್ಲಿ ಅವಳಿಗೆ ಕೊಟ್ಟ ಹಂಡೆ, ಕೊಡಪಾನ, ತಾಟು, ಲೋಟಗಳ ಮೇಲೆಲ್ಲ ಕೊಟ್ಟವರ ಹೆಸರು ಹೊಡೆಸಿದ್ದರು. ರಾಣೇಬೆನ್ನೂರಿನಲ್ಲಿ ಇವತ್ತಿಗೂ ಅವಳು 'ಮೈಲೇಶ ಮತ್ತು ಸಹೋದರರು' ಎಂಬ ಲೋಟದಲ್ಲಿ ನೀರು ಕುಡಿಯುತ್ತಾಳೆ.

"ಇಲ್ಲದ ತಮ್ಮಗೋಳಿಗೆ ಹಿತ್ತಾಳಿ," ಎಂದಳು ಮೀನಾಕ್ಷಿ.

"ನಿನಗ ಹೆಸರ ಬೇಕಿತ್ತಂದ್ರ ಬಾಯಿಬಿಟ್ಟು ಹೇಳಬೇಕಿತ್ತು. ಕೆಳಗ ಇನ್ನೊಂದ ಸಾಲಿಗೆ ಜಾಗಾ ಐತಿ. 'ರಿಪೇರಿ: ಮೀನಾಕ್ಷಿ' ಅಂತ ಹೊಡಸ್ತೇನಿ. ನಾಳೆನ ಹೊಡಸ್ತೇನಿ, ಆತಿಲ್ಲೋ?"

"ನನಗ ಹೆಸರ ಬ್ಯಾಡ ಮೈಲಣ್ಣ! ಇದು ಚಾಲೂ ಇತ್ತು. ಬುಧವಾರ ಚಾಲೂ ಇತ್ತು. ಎಂಟ ತಿಂಗಳಾತು, ನಾ ಇದರ ಮುಂದ ಉಸಿರ ಹಿಡದು ಕುಂತೇನಿ. ನೀ ಬಡಿಗ್ಯಾನ ಮಷೀನ ತಗೊಂಡು ಇದರ ಎದಿ ಮ್ಯಾಲೆ ನಿಂತಿ."

"ಒದರಬ್ಯಾಡ. ಓಣಿಗೆ ಕೇಳತೈತಿ," ಎಂದಳು ಸಿದ್ದವ್ವ. "ಅಪ್ಪನ ಹೆಸರೈತಿ ಅದರಾಗ, ಅಷ್ಟಕ್ಕರ ಸುಮ್ಮನಾಗು. ಅಣ್ಣ ಅಂದ ಮ್ಯಾಲೆ ಒಂದ ಮಾತ ಸೋಲಬೇಕವಾ."

"ನಾ ಸೋಲಾಕ ಬಂದಾಕಿ ಅಲ್ಲವಾ. ನಿನಗ ಹಚ್ಚಿ ತೋರಸಾಕ ಬಂದಿದ್ನಿ."

ಮೈಲೇಶ ಪೊಟ್ಟಣ ಬಿಚ್ಚಿ ಒಂದು ಮಿರ್ಚಿ ಕಚ್ಚಿದ. ಜಗಳ ಮುಗಿಸುವ ಮನಸ್ಸು ಅವನಿಗೆ ನಿಜವಾಗಿಯೂ ಇತ್ತು. "ನೋಡು, ತಿಳಿಸಿ ಹೇಳ್ತೇನಿ ಕೇಳು. ಶಾಲ್ಯಾಗ ಗಾಜಿನ ಕಪಾಟ ಮಾಡಸ್ಯಾರ. ಅದರಾಗ ಇಡೋದು, ಮ್ಯಾಲೊಂದು ಲೈಟ, ಒಂದು ಹಾರ. ಅದನ್ನ ಚಾಲೂ ಮಾಡಿ ಯಾರ ಏನ ಮಾಡಬೇಕಾಗೇತಿ? ಈಗಿನ ಮಕ್ಕಳ ಕಡೆ ಮೊಬೈಲ್ ಐತಿ. ಒಳಗ ಏನೈತಿ ಅಂತ ಯಾರ ನೋಡ್ತಾರ?"

"ಯಾರೂ ನೋಡೂದಿಲ್ಲೇನು?"

"ಯಾರೂ ನೋಡೂದಿಲ್ಲ."

ಮೀನಾಕ್ಷಿ ಸ್ಕ್ರೂಡ್ರೈವರ್ ಎತ್ತಿಕೊಂಡಳು. ಮೊದಲು ತಂತಿಗಳನ್ನು ಬಿಡಿಸಿದಳು, ಆಮೇಲೆ ವಿದ್ಯುತ್ ಪೂರೈಸುವ ಡಬ್ಬಿ, ಆಮೇಲೆ ಡಿಸ್ಕು. ಕೊನೆಗೆ ಬೋರ್ಡನ್ನು ಹಿಡಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಅದನ್ನು ಎರಡೂ ಕೈಯಿಂದ ಅಂಚು ಹಿಡಿದು ಮೇಲೆತ್ತಿದಳು. ಕಬ್ಬಿಣದ ಪುಡಿ ಉದುರಿತು. ಖಾಲಿ ಪೆಟ್ಟಿಗೆಯ ಮೇಲೆ ಮುಚ್ಚಳ ಜಾರಿಸಿ, ಹಿಂದಿನ ಸ್ಕ್ರೂಗಳನ್ನು ಮೊದಲಿನಂತೆ ಬಿಗಿಸಿ, ಅಣ್ಣನ ಕಡೆಗೆ ಸರಿಸಿದಳು.

"ಏ, ಏನಿದು? ಖಾಲಿ ಡಬ್ಬಿ ಕೊಡ್ಲೇನು ಶಾಲಿಗೆ?"

"ಯಾರೂ ನೋಡೂದಿಲ್ಲಲ್ಲ."

"ಮೀನಿ, ಕಾರ್ಡ ಅಚ್ಚ ಹಾಕಿಸೇನಿ. ಮುಖ್ಯ ಅತಿಥಿಗೆ ಹೇಳೇನಿ. ಮರ್ಯಾದಿ ಪ್ರಶ್ನೆ ಐತಿ ನನಗ."

"ಮರ್ಯಾದಿ ಮುಚ್ಚಳದ ಮ್ಯಾಲೈತಿ. ನಾ ಅದನ್ನ ಮುಟ್ಟಿಲ್ಲ."

ಬಿಡಿಸಿದ ಡಬ್ಬಿ, ಡಿಸ್ಕುಗಳ ಜೊತೆ ಕೀಬೋರ್ಡನ್ನೂ ಚೀಲಕ್ಕೆ ಹಾಕಿಕೊಂಡಳು. ಬೋರ್ಡು ಸುತ್ತಲು ಏನಾದರೂ ಬೇಕಿತ್ತು, ಸುತ್ತ ನೋಡಿದಳು. ಸಿದ್ದವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ಒಳಗೆ ಹೋದವಳು, ತೊಳೆದು ಮಡಿಚಿದ ಹಳೆಯ ನೂಲಿನ ಸೀರೆಯೊಂದನ್ನು ತಂದು ಮಗಳ ತೊಡೆಯ ಮೇಲೆ ಹಾಕಿ, ಮತ್ತೆ ಹೋಗಿ ಮೊರದ ಮುಂದೆ ಕೂತಳು. ಮಗನ ಮುಖವನ್ನೂ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ.

ರಾಣೇಬೆನ್ನೂರಿನ ಬಸ್ಸಿನಲ್ಲಿ ಕಂಡಕ್ಟರ್ ಸೀರೆಯ ಗಂಟು ನೋಡಿ, "ಕೂಸೇನ್ರಿ ಅಕ್ಕಾರ? ಗಾಳಿ ಬರತೈತಿ, ಕಿಡಕಿ ಹಾಕ್ರಿ" ಎಂದ. ಅವಳು ಕಿಟಕಿ ಹಾಕಿದಳು.

ಅಲ್ಲಿಂದ ಮುಂದೆ ಅವಳು ದಿನಕ್ಕೆ ಒಂದೇ ಗೆರೆ ಕೂಡಿಸಿದಳು. ಕೆಲವು ದಿನ ಅದೂ ಇಲ್ಲ. ಸಿಟ್ಟಿನಲ್ಲಿ ಹಾಕಿದ ಬೆಸುಗೆ ನಿಲ್ಲುವುದಿಲ್ಲ, ಮತ್ತು ಸಿಟ್ಟು ಇಳಿಯಲು ಒಪ್ಪುತ್ತಿರಲಿಲ್ಲ. ಪಾಠ ಮಾಡುವಾಗ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗ, ಲೋಟ ಎತ್ತುವಾಗ ಮತ್ತೆ ಮೇಲೇರುತ್ತಿತ್ತು. ಕಬ್ಬಿಣದ ಪುಡಿಯನ್ನು ಬಣ್ಣದ ಕುಂಚದಿಂದ ಗುಡಿಸಿ, ಉಳಿದದ್ದನ್ನು ಅಂಟುಪಟ್ಟಿಯಿಂದ ಎತ್ತಿದಳು. ತೂತಿನ ಎರಡೂ ದಂಡೆಗಳಲ್ಲಿ ಹಸಿರು ಲೇಪ ಕೆರೆದು, ತಾಮ್ರ ಮಿನುಗಿದ ಮೇಲೆ ತವರ ಹಚ್ಚಿ, ತಂತಿಯನ್ನು ತೂತಿನ ಸುತ್ತ ಬಳಸಿ ಒಯ್ದಳು.

ಫೆಬ್ರುವರಿ ಇಪ್ಪತ್ತೆಂಟು, ಶುಕ್ರವಾರ, ಅವಳು ಹಾವೇರಿಗೆ ಹೋಗಲಿಲ್ಲ. ಮಧ್ಯಾಹ್ನ ಮೈಲೇಶನ ಕಡೆಯಿಂದ ಫೋಟೊಗಳು ಬಂದವು, ಒಂದೂ ಮಾತಿಲ್ಲದೆ. ಗಾಜಿನ ಕಪಾಟು, ಚೆಂಡು ಹೂವಿನ ಹಾರ, ಹಿತ್ತಾಳೆಯ ಮೇಲೆ ಕುಂಕುಮ. ಪೆಟ್ಟಿಗೆಯ ಮುಂದೆ ಮೈಲೇಶ ತನ್ನ ಅಂಗಡಿಯ ಹೊಸ ಕಪ್ಪು ಕೀಬೋರ್ಡ್ ಇಟ್ಟಿದ್ದ. ಮುಖ್ಯ ಅತಿಥಿ ಅದರ ಮೇಲೆ ಬೆರಳಿಟ್ಟು ಕ್ಯಾಮೆರಾದ ಕಡೆಗೆ ನೋಡುತ್ತಿದ್ದರು.

ಸಂಜೆ ಆ ಶಾಲೆಯ ವಿಜ್ಞಾನ ಶಿಕ್ಷಕಿ ಜಾಹೀದಾ ಫೋನು ಮಾಡಿದಳು. ದನಿ ತಗ್ಗಿಸಿದ್ದಳು.

"ಮೇಡಮ್ಮಾರ, ನೀವು ಬರಲಿಲ್ಲಲ್ರಿ? ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕಪಾಟದಾಗ ಇಡಾಕ ಪೆಟ್ಟಿಗಿ ಎತ್ತಿದೆ. ಭಾರ ಇರತೈತಿ ಅಂತ ಗಟ್ಟಿಯಾಗಿ ಎತ್ತಿದ್ರ, ಖಾಲಿ ಎಣ್ಣಿ ಡಬ್ಬಿ ಎತ್ತಿದಂಗ ಎದಿ ಮಟ ಬಂತ್ರಿ. ಒಳಗ ಏನೂ ಇಲ್ಲ, ಅಲ್ರಿ?"

"ಏನೂ ಇಲ್ರಿ."

"ಯಾರಿಗೂ ಹೇಳಿಲ್ರಿ ನಾನು. ಆದರ ಸರಿ ಕಾಣಲಿಲ್ರಿ ನನಗ. ಹುಡುಗ್ಯಾರು ನೋಡತೇವಿ ಅಂತ ಕಾದಿದ್ರು." ಜಾಹೀದಾಳ ಮಾತಿನಲ್ಲಿ ಮುಚ್ಚಿಡಲಾಗದ ಅಸಮಾಧಾನವಿತ್ತು, ಅದು ಮೀನಾಕ್ಷಿಯ ಮೇಲೂ ಇತ್ತು. "ಒಳಗಿಂದು ಎಲ್ಲೈತ್ರಿ?"

"ನನ್ನ ಮುಂದ ಐತಿ. ಬರೂ ರವಿವಾರ ಹುಡುಗ್ಯಾರನ್ನ ಕರಕೊಂಡು ಇಲ್ಲಿಗೆ ಬರ್ರಿ. ಚಂದ ಕಾಣೂದಿಲ್ಲ, ಮೊದಲ ಹೇಳಿರತೇನಿ. ಮೈಮ್ಯಾಲೆ ಏನೂ ಇಲ್ಲ ಅದಕ್ಕ."

ಫೋನು ಇಟ್ಟು ಅವಳು ಮೇಜಿನ ದೀಪ ಹಾಕಿದಳು. ಮರದ ಹಲಗೆಯ ಮೇಲೆ ಬೋರ್ಡು ಬತ್ತಲೆ ಮಲಗಿತ್ತು. ಪಕ್ಕದಲ್ಲಿ ಕಾಲೇಜಿನ ಹಳೆಯ ಪರದೆ. ಸ್ವಿಚ್ ಒತ್ತಿದಳು. ಆ ಕಾಲದ ಯಂತ್ರಗಳು ಎಚ್ಚರಾದೊಡನೆ, ಬೇರೇನೂ ಮಾಡುವ ಮೊದಲು, ತಮ್ಮ ನೆನಪಿನ ಶಕ್ತಿ ಎಷ್ಟಿದೆಯೆಂದು ತಾವೇ ಎಣಿಸಿಕೊಳ್ಳುತ್ತವೆ. ಪರದೆಯ ಮೂಲೆಯಲ್ಲಿ ಬಿಳಿಯ ಅಂಕಿ ಏರತೊಡಗಿ ೫೧೨ಕ್ಕೆ ಬಂದು ನಿಂತಿತು. ಅವಳು ಕಾದಳು. ಪೂರ್ತಿ ಎಣಿಕೆ ೬೪೦ ಆಗಬೇಕಿತ್ತು; ಅದು ಅಲ್ಲಿಂದ ಮೇಲೇಳಲಿಲ್ಲ.

ಸ್ವಿಚ್ ಆರಿಸಿ ಭೂತಗನ್ನಡಿ ಹಿಡಿದಳು. ಏಳನೆಯ ಗೆರೆಯ ಒಂದು ತುದಿಯಲ್ಲಿ ತವರ ಹೊಳೆಯದೆ ಬೂದಿಯಂತೆ ಕೂತಿತ್ತು. ತಂತಿ ಅದಕ್ಕೆ ತಾಗಿದಂತೆ ಕಾಣುತ್ತಿತ್ತು, ಕೂಡಿರಲಿಲ್ಲ. ಬೆಸುಗೆ ಕಡ್ಡಿ ಕಾಯುವ ತನಕ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ಇಟ್ಟುಕೊಂಡಳು. ಕಡ್ಡಿ ಮುಟ್ಟಿಸಿದಳು. ತವರ ಕರಗಿ, ಒಮ್ಮೆ ಕನ್ನಡಿಯಂತೆ ಮಿನುಗಿ, ತಂತಿಯನ್ನು ಒಳಗೆ ಎಳೆದುಕೊಂಡಿತು.

ಮತ್ತೆ ಸ್ವಿಚ್ ಒತ್ತಿದಳು. ಅಂಕಿ ಏರಿತು. ೪೪೮. ೫೧೨. ೫೭೬.

೬೪೦ ಕಿಲೋಬೈಟ್.