ಕೋಳಿಯ ಪಕ್ಕದ ಮುದುಕ

ಹರಿನಾಥ ತೀರಿಕೊಂಡು ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿದ ಮರುದಿನ ಬೆಳಿಗ್ಗೆ, ಗಂಡನ ಹಾಸಿಗೆ ಸುತ್ತುತ್ತಿದ್ದ ಮನೋರಮೆಗೆ ಅದರಡಿಯಲ್ಲಿ ಗಾಜಿನ ಚೌಕಟ್ಟೊಂದು ಸಿಕ್ಕಿತು. ಒಳಗೆ ತಾಮ್ರದಚ್ಚಿನ ಹಳೆಯ ಚಿತ್ರ. ಬೊಕ್ಕತಲೆಯ ಮುದುಕನೊಬ್ಬ ಕೈಜೋಡಿಸಿ, ಮೇಲೆ ನೋಡಿ ಅಳುತ್ತಿದ್ದ. ಹಿಂದೆ ಒಂದು ಹುಂಜ. ಗಡ್ಡ, ಕತ್ತಲು, ಕಣ್ಣೀರು ಎಲ್ಲವೂ ಕೂದಲೆಳೆಯಂಥ ಗೆರೆಗಳಲ್ಲೇ.

“ಕೋಳಿ ಅಂಕದ ಜೂಜಿನಲ್ಲಿ ಸೋತವನು,” ಎಂದರು ಹರಿನಾಥನ ಸೋದರಮಾವ ಪುರುಷೋತ್ತಮ.

“ಆ ಮುಖದ ಪರಿಚಯ ನಿಮಗಲ್ಲದೆ ಮತ್ತೆ ಯಾರಿಗೆ, ಮಾವ!” ಅತ್ತಿಗೆ ಕಮಲ ಬಾಗಿಲಿನಿಂದಲೇ ಕುಟುಕಿದಳು.

“ಸರಿಯಾಗಿ ನೋಡು ಮಾರಾಯ್ತಿ. ಹುಂಜಕ್ಕೆ ಒಂದು ಗಾಯ ಉಂಟಾ? ಅದು ಗೆದ್ದದ್ದು. ಬೇರೆಯವನದ್ದು. ನಮ್ಮ ಹರಿಯೂ ಕದ್ದು ಅಂಕಕ್ಕೆ ಹೋಗ್ತಿದ್ದನೋ ಎಂತದೋ. ಮದ್ರಾಸಿನಲ್ಲಿ ಬಿ.ಎ. ಓದಿದವಳು, ನಿನಗೆ ಗೊತ್ತಿಲ್ಲವಾ ಮನೋರಮಾ?”

ಗೊತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಮುಗಿಸಿ ಬಂದ ಗಂಡ ಬಾಗಿಲು ಹಾಕಿಕೊಂಡು ಕೂರುತ್ತಿದ್ದದ್ದು ಇದರ ಮುಂದೆಯೇ? ತನ್ನಿಂದ ಮುಚ್ಚಿಟ್ಟದ್ದೇಕೆ? ಚೌಕಟ್ಟು ತಿರುಗಿಸಿದಳು. ಅವನ ಅಕ್ಷರ: ‘ಇನಾಸನ ಮನೆಯದು. ಹಿಂದೆ ಕೊಡಬೇಕು.’

*

ಹಿಂದಿನ ವರ್ಷ, ನಲವತ್ತೆರಡರ ಆಗಸ್ಟಿನಲ್ಲಿ, ಚಲೇಜಾವ್ ಕರಪತ್ರ ಹಂಚುತ್ತಿದ್ದ ಇನಾಸನಿಗೆ ಕೋಳ ಹಾಕಿ ಪೊಲೀಸರು ಅವನ ಗೆಳೆಯ ಹರಿನಾಥನ ಅಂಗಳಕ್ಕೆ ತಂದಿದ್ದರು.

“ಈ ಜನದ ಗುರುತುಂಟಾ, ಮಾಸ್ಟ್ರೇ?”

ಹರಿನಾಥ ಹಿಂದಕ್ಕೆ ತಿರುಗಿ ನೋಡಿದ. ಬಾಗಿಲ ಮರೆಯಲ್ಲಿದ್ದ ಮನೋರಮೆ, ಇಲ್ಲವೆನ್ನುವಂತೆ ತಲೆಯಾಡಿಸಿದಳು.

“ಇಲ್ಲ,” ಎಂದ. ಇನ್ನೆರಡು ಸಲ ಕೇಳಿದರು. ಅದನ್ನೇ ಹೇಳಿದ. ಇನಾಸ ನೆಲ ನೋಡುತ್ತಿದ್ದ.

*

ಮನೋರಮೆ ಚೌಕಟ್ಟು ಹಿಡಿದು ಕುಂಬಳೆ ರೈಲ್ವೆ ಸ್ಟೇಷನ್ನಿನ ಆಚೆ ಇನಾಸನ ಮನೆಗೆ ಹೋದಳು. ಅವನು ಇನ್ನೂ ಜೈಲಿನಲ್ಲಿ. ತಾಯಿ ಕಾರ್ಮಿನ್ ಬಾಯಿ ಒಬ್ಬಳೇ ಇದ್ದಳು.

“ಯಾರು ಇವನು, ಬಾಯಿ?”

“ಸಾಂ ಪೆದ್ರು. ನೀವು ಯೇಸು ಅನ್ನುವ ನಮ್ಮ ಜೆಜುವಿನ ಶಿಷ್ಯ. ಜೆಜುವನ್ನು ಹಿಡಿದ ದಿವಸ ಇವನ ಹತ್ರ ಕೇಳಿದ್ರು. ಆ ಮನುಷ್ಯನ ಗುರುತಿಲ್ಲ ಅಂತ ಮೂರು ಸಲ ಹೇಳಿದ. ಆಗ ಕೋಳಿ ಕೂಗಿತು, ಜೆಜು ಮೊದಲೇ ಹೇಳಿದ್ದ ಹಾಗೆ. ಅದಕ್ಕೇ ಈ ಅಳು.”

ಮನೋರಮೆ ಚೌಕಟ್ಟನ್ನು ಮತ್ತೆ ತಿರುಗಿಸಿ ಗಂಡನ ಅಕ್ಷರ ನೋಡಿದಳು.

“ಸ್ವಲ್ಪ ದಿವಸ ಇಟ್ಟುಕೊಳ್ತೇನೆ ಅಂದ ನಿನ್ನ ಗಂಡ. ಎಂತಕ್ಕೆ ಅಂತ ಕೇಳಲಿಕ್ಕೆ ಉಂಟಾ? ಕೊಟ್ಟೆ. ನಿನಗೆ ತೋರಿಸಲಿಲ್ಲವಾ, ಮಗಾ?”

“ನನಗೆ ಹೇಗೆ ತೋರಿಸುವುದು, ಬಾಯಿ? ಪೊಲೀಸರು ಇನಾಸನನ್ನು ತಂದು ಕೇಳಿದಾಗ ಬಾಗಿಲ ಹಿಂದೆ ನಾನೇ ಇದ್ದದ್ದು. ಗಂಡನ ಬಾಯಲ್ಲಿ ಇಲ್ಲ ಅನ್ನಿಸಿದ್ದು ನಾನು.”

ಮುದುಕಿ ಅವಳ ಮುಖವನ್ನೇ ನೋಡಿದಳು. ಚಿತ್ರಕ್ಕೆ ಕೈ ಚಾಚಿದಳು. ಚೌಕಟ್ಟಿನ ಒಂದು ಬದಿ ಅವಳ ಕೈಯಲ್ಲಿ, ಇನ್ನೊಂದು ಬದಿ ಮನೋರಮೆಯ ಕೈಯಲ್ಲಿ. ಒಳಗೆ ಗಂಜಿ ಉಕ್ಕಿ ಒಲೆ ಚುಂಯ್‌ಗುಟ್ಟಿತು. ಇಬ್ಬರೂ ಕೈ ತೆಗೆಯಲಿಲ್ಲ.