ಮಾದರಿ ಮನೆಯೊಳಗಿನ ಹೊಲ

ಅರ್ಪಿತ ಬರೆದ ದೆವ್ವದ ಮನೆ ಈ ಸಲವೂ ವಾಪಸ್ ಬಂತು. ಬೂದಿಗೆರೆಯ ಮನೆಯಲ್ಲೇ ಕೂತು ಅವಳು ಬೆಂಗಳೂರಿನ ಅನಿಮೇಷನ್ ಸ್ಟುಡಿಯೋ ಒಂದಕ್ಕೆ ಹಿನ್ನೆಲೆ ಚಿತ್ರಗಳನ್ನು ಬರೆದುಕೊಡುತ್ತಿದ್ದಳು. ಮಕ್ಕಳ ಕಿರುಚಿತ್ರಕ್ಕೊಂದು ಹೆದರಿಸುವ ಮನೆ ಬೇಕಾಗಿತ್ತು. ಚೂಪು ಗೋಪುರ, ಮುರಿದ ಕಿಟಕಿ, ಹಿಂದೆ ದೊಡ್ಡ ಚಂದ್ರ, ಒಣಮರದ ಮೇಲೆ ಕಾಗೆ. ಕಾಲೇಜಿನಲ್ಲಿ ಓದಿದ ಹಳೆಯ ಇಂಗ್ಲಿಷ್ ಗಾಥಿಕ್ ಕಾದಂಬರಿಗಳಲ್ಲಿ ಇದ್ದದ್ದೆಲ್ಲ ಅವಳ ಚಿತ್ರದಲ್ಲೂ ಇತ್ತು.

"ಚೆನ್ನಾಗಿದೆ ಅರ್ಪಿತ. ಆದ್ರೆ ನೋಡಿದ್ದೇ ನೋಡ್ದಂಗಿದೆ," ಎಂದರು ನಿರ್ದೇಶಕ ಶ್ರೀಧರ್ ಫೋನಿನಲ್ಲಿ. "ಇನ್ನೂರು ವರ್ಷದ ಹಿಂದೆ ಯಾರೋ ಬರೆದ ಮನೇನ ಎಲ್ರೂ ಕಾರ್ಟೂನ್ ಮಾಡ್ಬಿಟ್ಟಿದಾರೆ. ನಿಮ್ದು ಅಂತ ಏನಾದ್ರೂ ಬೇಕು."

"ಸರಿ ಸರ್," ಎಂದಳು. ಬೇಜಾರಾಗಲಿಲ್ಲ. ಹೋದ ವರ್ಷ ಗಂಡ ಕೆಂಪರಾಜ್ ಕಾಮಾಲೆಯಿಂದ ತೀರಿಕೊಂಡಾಗಿನಿಂದ ಅವಳಿಗೆ ಬೇಜಾರೂ ಆಗುತ್ತಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ, ಇನ್ನೇನೂ ಆಗುತ್ತಿರಲಿಲ್ಲ. ಯಾರಾದರೂ ಬಂದು ಸಮಾಧಾನ ಹೇಳಿದರೆ ತಲೆಯಾಡಿಸಿ, ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಅಂದು ಸಂಜೆ ಮಾವ ಅಪ್ಪಯ್ಯಣ್ಣ ಎಂದಿನಂತೆ ಲೇಔಟ್ ಕಡೆ ಹೊರಟರು. "ಮೊನ್ನೆ ಎಡವಿ ಬಿದ್ದವ್ರೆ. ನೀನೂ ಜೊತೇಲಿ ಹೋಗವ್ವ," ಎಂದರು ಅತ್ತೆ ಗಂಗಲಕ್ಷ್ಮಮ್ಮ. ಅರ್ಪಿತ ಹೋದಳು.

ಊರಾಚೆಯ ಆ ಲೇಔಟ್ ಒಂದು ಕಾಲಕ್ಕೆ ಇವರದೇ ರಾಗಿಹೊಲ. ಕೊಂಡವರು ವಿಲ್ಲಾ ಕಟ್ಟಲು ಶುರುಮಾಡಿ ಅರ್ಧಕ್ಕೇ ಕೈಬಿಟ್ಟಿದ್ದರು. ಪೂರ್ತಿಯಾಗಿದ್ದದ್ದು ಗಿರಾಕಿಗಳಿಗೆ ತೋರಿಸಲೆಂದು ಕಟ್ಟಿದ ಮಾದರಿ ಮನೆಯೊಂದೇ. ಅದಕ್ಕೆ ಪರದೇಶದ ಕೋಟೆಯ ಹಾಗೆ ಎರಡು ಚೂಪು ಗೋಪುರ, ಕಮಾನಿನ ಕಿಟಕಿಗಳು. ಗಾಜನ್ನೆಲ್ಲ ಯಾರೋ ಬಿಚ್ಚಿಕೊಂಡು ಹೋಗಿದ್ದರು. ರಸ್ತೆಯಿಂದ ಎಷ್ಟೋ ಸಲ ನೋಡಿದ್ದರೂ ಅರ್ಪಿತ ಒಳಗೆ ಕಾಲಿಟ್ಟದ್ದು ಅಂದೇ ಮೊದಲು.

ಮಾವ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟರು. ವಿಶಾಲವಾದ ಹಾಲ್‌ನಲ್ಲಿ ಓರೆಯಾಗಿ, ಒಂದು ಪಾದದ ಮುಂದೆ ಇನ್ನೊಂದನ್ನಿಟ್ಟು ಹುಷಾರಾಗಿ ನಡೆದರು.

"ಯಾಕೆ ಮಾವ ಹಿಂಗೆ ನಡೀತೀರಾ?"

"ಇದು ಹೊಲದ ಬದು ಕಣವ್ವ. ಅತ್ಲಾಗಿತ್ಲಾಗೆ ಕಾಲಿಟ್ರೆ ಪೈರು ತುಳಿದಂಗಾಯ್ತದೆ."

ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಪಕ್ಕ ನಿಂತರು. "ಇಲ್ಲೊಂದು ಹೊಂಗೆಮರ ಇತ್ತು. ಕಳೆ ಕೀಳೋವಾಗ ನಿಮ್ಮತ್ತೆ ಕೆಂಪರಾಜಂಗೆ ಜೋಲಿ ಕಟ್ತಿದ್ದದ್ದು ಅದ್ರ ಕೊಂಬೆಗೇ."

"ಒಬ್ರೇ ಬರೋಕೆ ಭಯ ಆಗಲ್ವಾ?"

"ಯಾರ್ಗವ್ವ ಭಯ ಬೀಳಾನ? ನಮ್ಮ ಹೊಲದಲ್ಲಿ ನಾವಿದ್ದೀವಿ."

ಅರ್ಪಿತ ಬಿಳಿ ಟೈಲ್ಸ್ ನೋಡುತ್ತ ನಿಂತಳು. ಇಲ್ಲಿ ಅಳು ಬರಬೇಕು ಎಂದು ಅವಳಿಗೆ ಗೊತ್ತಾಯಿತು. ಬರಲಿಲ್ಲ. ಮಾವ ಹೊರಗೆ ಹೊರಟಾಗ ಅವಳೂ ಅವರ ಹಿಂದೆ ಅದೇ ಓರೆಯಲ್ಲಿ, ಪೈರು ತುಳಿಯದ ಹಾಗೆ ನಡೆದಳು.

ಮರುದಿನ ಆ ಮನೆಯನ್ನೇ ಬರೆದಳು. ಮಟಮಟ ಮಧ್ಯಾಹ್ನದ ಬಿಸಿಲು. ಗೋಪುರದ ಮನೆಯೊಳಗೆ ಮುದುಕನೊಬ್ಬ ಓರೆಯಾಗಿ ನಡೆಯುತ್ತಿದ್ದಾನೆ. ಅವನ ಎರಡೂ ಪಕ್ಕದ ಟೈಲ್ಸ್ ಗಾಳಿಗೆ ಸಿಕ್ಕ ಪೈರಿನಂತೆ ಬಾಗುತ್ತಿವೆ.

ಚಿತ್ರ ನೋಡಿ ಶ್ರೀಧರ್ ಫೋನ್ ಮಾಡಿದರು. "ಇದ್ರಲ್ಲಿ ದೆವ್ವ ಎಲ್ಲಿ?"

"ಹೊಲಾನೇ ದೆವ್ವ ಸರ್. ಮನೆ ಅದ್ರ ಮೇಲೆ ಕೂತಿದೆ."

"ಮಕ್ಕಳಿಗೆ ಅರ್ಥ ಆಗುತ್ತಾ?"

"ಗೊತ್ತಿಲ್ಲ ಸರ್."

"ನಂಗೂ ಗೊತ್ತಿಲ್ಲ. ಆದ್ರೆ ಇದನ್ನ ಎಲ್ಲೂ ನೋಡಿಲ್ಲ. ಇದನ್ನೇ ಮಾಡೋಣ." ಫೋನ್ ಇಡುವ ಮುಂಚೆ, "ಪ್ರೊಡ್ಯೂಸರ್ ಸಮಾಧಾನಕ್ಕೆ ಒಂದು ಬಾವಲಿ ಹಾಕ್ಬಿಡಿ," ಎಂದರು. ಅರ್ಪಿತ ವಾದ ಮಾಡಲಿಲ್ಲ. ಗೋಪುರದ ಮೂಲೆಯಲ್ಲಿ ನಿದ್ದೆ ಮಾಡುವ ಬಾವಲಿಯೊಂದನ್ನು ಬರೆದಳು.

ಕೆಲವು ತಿಂಗಳಾದ ಮೇಲೆ ಕಿರುಚಿತ್ರ ಸಿದ್ಧವಾಗಿ ಬಂತು. ಅವಳು ಅದನ್ನು ಲ್ಯಾಪ್‌ಟಾಪಿನಲ್ಲಿ ಮನೆಯವರಿಗೆ ತೋರಿಸಿದಳು. ಗಂಗಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವ ರೆಪ್ಪೆ ಬಡಿಯದೆ ನೋಡಿ, "ಇನ್ನೊಂದ್ಸಲ ಹಾಕವ್ವ," ಎಂದರು. ಮುಗಿದ ಮೇಲೆ ಮತ್ತೆ ಹಾಕು ಎಂದರು.

ಲ್ಯಾಪ್‌ಟಾಪನ್ನು ಅವರ ಮುಂದೆಯೇ ಬಿಟ್ಟು ಅರ್ಪಿತ ಒಳಗೆ ಬಂದಳು. ಅತ್ತೆ ಆಗಲೇ ಎದ್ದುಬಂದು ಅವರೆಕಾಯಿ ಸುಲಿಯಲು ಕೂತಿದ್ದರು. ಅವಳೂ ಎದುರಿಗೆ ಕೂತು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅತ್ತೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ, "ನಂಗೆ ಹಸಿವಾಗ್ತಿದೆ."

ಗಂಗಲಕ್ಷ್ಮಮ್ಮ ಸುಲಿಯುವುದನ್ನು ಬಿಟ್ಟು ಅವಳ ಮುಖ ನೋಡಿದರು. ಆಮೇಲೆ ಎದ್ದು ಒಲೆ ಹಚ್ಚಿದರು.